ಇಂಗ್ಲೆಂಡಿನ ವಸತಿರಹಿತರ ಸರ್ಕಾರಿ ಅಂಕಿಅಂಶ ಸೇವೆ: ಏಳು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಇಂಗ್ಲೆಂಡಿನ ವಸತಿ, ಸಮುದಾಯ ಮತ್ತು ಸ್ಥಳೀಯಾಡಳಿತ ಸಚಿವಾಲಯವು ಮೂರು ತಿಂಗಳಿಗೊಮ್ಮೆ ವಸತಿರಹಿತರ ಅಂಕಿಅಂಶಗಳನ್ನು ಪ್ರಕಟಿಸುತ್ತದೆ. ಸರ್ಕಾರದ ಜಾಲತಾಣಕ್ಕೆ ಹೋದರೆ ಹೆಸರು ನೋಂದಾಯಿಸಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ, ಯಾರಿಗೂ ಅರ್ಜಿ ಬರೆಯಬೇಕಿಲ್ಲ. ಒಂದು ಸ್ಪ್ರೆಡ್‌ಶೀಟನ್ನು ಇಳಿಸಿಕೊಂಡು ತೆರೆದರೆ ಸಾಕು, ದೇಶದ 296 ವಸತಿ ಪ್ರಾಧಿಕಾರಗಳ, ಅಂದರೆ ಅಲ್ಲಿನ ಜನ ಕೌನ್ಸಿಲ್ ಎಂದು ಕರೆಯುವ ಸ್ಥಳೀಯ ಸಂಸ್ಥೆಗಳ ಲೆಕ್ಕ ಸಾಲುಸಾಲಾಗಿ ಕಣ್ಣಮುಂದೆ ಬರುತ್ತದೆ. ಬಾಡಿಗೆದಾರರಿಗೆ ಸಲಹೆ ನೀಡುವ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ವಾರಕ್ಕೆ ಎರಡು ದಿನ ಕೆಲಸ ಮಾಡುವ ನಾನು ಏಳು ವರ್ಷಗಳಿಂದ ಈ ಕಡತಗಳನ್ನು ಬಳಸುತ್ತಿದ್ದೇನೆ. ತೆರಿಗೆದಾರರ ಹಣದಿಂದ ನಡೆಯುವ ಈ ಸೇವೆ ಅಗತ್ಯವಿರುವವರಿಗೆ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು, ಬಳಸುವವಳ ಜಾಗದಲ್ಲಿ ನಿಂತು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಹಾಯ ಕೇಳಿಕೊಂಡು ಕೌನ್ಸಿಲ್ಲಿನ ಬಾಗಿಲಿಗೆ ಬಂದವರ ಬಗ್ಗೆ ಇಷ್ಟು ವಿವರವಾಗಿ, ಇಷ್ಟು ಬಾರಿ, ಊರೂರಿನ ಮಟ್ಟದಲ್ಲಿ ಲೆಕ್ಕ ಕೊಡುವ ಸರ್ಕಾರಿ ಸೇವೆ ನಾನು ನೋಡಿದವುಗಳಲ್ಲಿ ಇನ್ನೊಂದಿಲ್ಲ. ಆದರೆ ಆ ಬಾಗಿಲಿಗೆ ಬಾರದವರು ಇದರಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಬಂದವರಿಗೆ ಕೊಡಲು ಆ ಊರಿನಲ್ಲಿ ಮನೆಗಳು ಎಷ್ಟಿವೆ ಎಂಬ ಸರಳ ಪ್ರಶ್ನೆಗೆ ಉತ್ತರವು ಬೇರೆ ಬೇರೆ ಕಡತಗಳಲ್ಲಿ, ಬೇರೆ ಬೇರೆ ತಿಂಗಳುಗಳಲ್ಲಿ ಚದುರಿಹೋಗಿದೆ. ಈ ಎರಡನೆಯ ಕೊರತೆಯನ್ನು ನೀಗಿಸುವುದು ಸಚಿವಾಲಯದ ಕೈಯಲ್ಲೇ ಇದೆ, ಹಾಗಾಗಿ ಅದರ ಬಗ್ಗೆ ನನಗೆ ಹೆಚ್ಚು ಬೇಸರ.

ಈ ಅಂಕಿಗಳು ಏನನ್ನು ಎಣಿಸುತ್ತವೆ ಎಂಬುದನ್ನು ತಿಳಿಯದೆ ಕಡತ ತೆರೆದರೆ ದಾರಿ ತಪ್ಪುವುದು ಖಂಡಿತ. ವಸತಿರಹಿತರಿಗೆ ನೆರವಾಗುವುದು ಕೌನ್ಸಿಲ್ಲುಗಳ ಶಾಸನಬದ್ಧ ಕರ್ತವ್ಯವೆಂದು ಮೊದಲ ಬಾರಿಗೆ ಹೇಳಿದ್ದು 1977ರ ಕಾಯಿದೆ. ಆಗ ಹಾಕಿದ ಒಂದು ಗೆರೆ ಇಂದಿಗೂ ಉಳಿದಿದೆ: ಮಕ್ಕಳಿರುವ ಕುಟುಂಬ, ಗರ್ಭಿಣಿ, ವೃದ್ಧಾಪ್ಯದಿಂದಲೋ ಅಂಗವೈಕಲ್ಯದಿಂದಲೋ ಮಾನಸಿಕ ಕಾಯಿಲೆಯಿಂದಲೋ ದುರ್ಬಲರಾದವರು, ಬೆಂಕಿ ಅಥವಾ ನೆರೆಯಲ್ಲಿ ಮನೆ ಕಳೆದುಕೊಂಡವರು ಮೊದಲಾದವರಿಗೆ ಆದ್ಯತೆ, ಗಟ್ಟಿಮುಟ್ಟಾಗಿರುವ ಒಂಟಿ ವಯಸ್ಕರಿಗೆ ಆ ಆದ್ಯತೆ ಇಲ್ಲ. ಪಕ್ಕದ ಸ್ಕಾಟ್ಲೆಂಡ್ 2012ರ ಕೊನೆಯ ಹೊತ್ತಿಗೆ ಈ ಗೆರೆಯನ್ನೇ ಅಳಿಸಿಹಾಕಿತು, ಇಂಗ್ಲೆಂಡ್ ಅಳಿಸಲಿಲ್ಲ. ಆದ್ದರಿಂದ ಎರಡೂ ಕಡೆಯ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಪತ್ರಿಕಾ ವರದಿಗಳನ್ನು ನಂಬಬೇಡಿ, ಅವು ಬೇರೆ ಬೇರೆ ಜರಡಿಗಳಿಂದ ಹಿಡಿದ ಕಾಳುಗಳು.

2018ರ ಏಪ್ರಿಲ್ 3ರಂದು ಜಾರಿಗೆ ಬಂದ ವಸತಿರಹಿತತೆ ತಗ್ಗಿಸುವ ಕಾಯಿದೆಯು ಈ ಲೆಕ್ಕದ ಸ್ವರೂಪವನ್ನೇ ಬದಲಿಸಿತು. ಇನ್ನು 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಭಯವಿರುವವರಿಗೆ ಅದು ತಪ್ಪುವಂತೆ ನೋಡಿಕೊಳ್ಳುವುದು ಒಂದು ಕರ್ತವ್ಯ. ಈಗಾಗಲೇ ಕಳೆದುಕೊಂಡವರಿಗೆ 56 ದಿನಗಳ ಕಾಲ ನೆಲೆ ಹುಡುಕಲು ನೆರವಾಗುವುದು ಇನ್ನೊಂದು ಕರ್ತವ್ಯ. ಇವೆರಡಕ್ಕೂ ಆದ್ಯತೆಯ ಗೆರೆ ಅಡ್ಡಬರುವುದಿಲ್ಲ. ಅದಕ್ಕೂ ಹಿಂದೆ ಕೌನ್ಸಿಲ್ಲುಗಳು ಒಟ್ಟು ಮೊತ್ತವನ್ನಷ್ಟೇ ಒಂದು ನಮೂನೆಯಲ್ಲಿ ತುಂಬಿ ಕಳುಹಿಸುತ್ತಿದ್ದವು. ಈಗ ಪ್ರತಿಯೊಂದು ಪ್ರಕರಣದ ವಿವರವೂ ಬೇರೆಬೇರೆಯಾಗಿ ಹೋಗುತ್ತದೆ: ಅರ್ಜಿದಾರರ ವಯಸ್ಸು, ಕೆಲಸ, ಹಿಂದಿನ ಮನೆ ಹೋದದ್ದು ಯಾಕೆ, ಯಾವ ಬಗೆಯ ಆಸರೆ ಬೇಕಿದೆ, ಕೊನೆಗೆ ಏನಾಯಿತು. ಈ ಬದಲಾವಣೆಯಿಂದ ಲೆಕ್ಕ ಬಹಳ ಸಮೃದ್ಧವಾಯಿತು. ಅದರ ಬೆಲೆಯೆಂದರೆ 2018ರ ಹಿಂದಿನ ಅನೇಕ ಸರಣಿಗಳು ಅಲ್ಲಿಗೇ ತುಂಡಾದವು; ಮೊದಲ ಕೆಲವು ತ್ರೈಮಾಸಿಕಗಳಲ್ಲಿ ಎಷ್ಟೋ ಕೌನ್ಸಿಲ್ಲುಗಳ ಕಂಪ್ಯೂಟರ್ ವ್ಯವಸ್ಥೆಗಳು ಹೊಂದಿಕೊಳ್ಳದೆ ಸಾಲುಗಳು ಖಾಲಿ ಉಳಿದವು. ಲೆಕ್ಕ ಕಳುಹಿಸದ ಕೌನ್ಸಿಲ್ಲಿನ ಮುಂದೆ ಎರಡು ಚುಕ್ಕಿಗಳನ್ನಿಟ್ಟು, ರಾಷ್ಟ್ರೀಯ ಮೊತ್ತಕ್ಕೆ ಅಂದಾಜು ಸೇರಿಸಿ, ಹಾಗೆ ಸೇರಿಸಿದ್ದೇವೆಂದು ಸಚಿವಾಲಯವೇ ಟಿಪ್ಪಣಿಯಲ್ಲಿ ಹೇಳುತ್ತದೆ. ಈ ಪ್ರಾಮಾಣಿಕತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆ ಎರಡು ಚುಕ್ಕಿಗಳನ್ನು ಸೊನ್ನೆ ಎಂದು ಓದಿ, ‘ನಮ್ಮೂರಲ್ಲಿ ವಸತಿರಹಿತರೇ ಇಲ್ಲ’ ಎಂದು ಸಭೆಯಲ್ಲಿ ಹೇಳಿದವರನ್ನು ಕಂಡಿದ್ದೇನೆ, ಆದ್ದರಿಂದ ಹೊಸಬರು ಮೊದಲು ಓದಬೇಕಾದದ್ದು ಟಿಪ್ಪಣಿಗಳ ಹಾಳೆಯನ್ನು.

ಕಡತದ ಒಳಗೆ ಹಾಳೆಗಳಿಗೆ ಎ1, ಎ2, ಎ3, ಟಿಎ1 ಎಂಬಂತೆ ಹೆಸರುಗಳಿವೆ. ಎ1 ಹಾಳೆಯಲ್ಲಿ ಎಷ್ಟು ಕುಟುಂಬಗಳನ್ನು ಪರಿಶೀಲಿಸಿದರು, ಎಷ್ಟು ಕುಟುಂಬಗಳಿಗೆ ಕರ್ತವ್ಯ ಅನ್ವಯಿಸಿತು ಎಂಬುದಿದೆ. ಎ2 ಹಾಳೆಗಳು ಕೊನೆಯ ನೆಲೆ ಕೈತಪ್ಪಿದ ಕಾರಣವನ್ನು ಹೇಳುತ್ತವೆ, ಮತ್ತು ನನ್ನ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದವು ಇವೇ. ಮನೆ ಹೋಗುವ ಭಯದಲ್ಲಿ ಬಂದವರಲ್ಲಿ ಮೊದಲ ಕಾರಣ ಖಾಸಗಿ ಬಾಡಿಗೆ ಕರಾರು ಮುಗಿದದ್ದು. ಬಾಡಿಗೆದಾರರ ಕಡೆಯಿಂದ ಯಾವ ತಪ್ಪೂ ಇಲ್ಲದಿದ್ದರೂ ಎರಡು ತಿಂಗಳ ನೋಟಿಸು ಕೊಟ್ಟು ಬಿಡಿಸಲು ಅವಕಾಶ ಕೊಡುತ್ತಿದ್ದುದು 1988ರ ವಸತಿ ಕಾಯಿದೆಯ 21ನೇ ಕಲಮು. ಅದನ್ನು ರದ್ದುಗೊಳಿಸುವ ಕಾಯಿದೆಗೆ 2025ರ ಅಕ್ಟೋಬರಿನಲ್ಲಿ ಅಂಕಿತ ಬಿತ್ತು. ಆ ಬೇಡಿಕೆಯ ಹಿಂದೆ ವರ್ಷಗಟ್ಟಲೆ ಆಧಾರವಾಗಿ ನಿಂತದ್ದು ಈ ಹಾಳೆಯ ಒಂದು ಕಾಲಂ. ಈಗಾಗಲೇ ಮನೆ ಕಳೆದುಕೊಂಡು ಬಂದವರಲ್ಲಿ ಮೊದಲ ಕಾರಣ ಬೇರೆ: ಕುಟುಂಬದವರು ಅಥವಾ ಸ್ನೇಹಿತರು ಇನ್ನು ಇರಿಸಿಕೊಳ್ಳಲು ಒಪ್ಪುತ್ತಿಲ್ಲ ಅಥವಾ ಅವರಿಗೆ ಸಾಧ್ಯವಾಗುತ್ತಿಲ್ಲ. ಈ ಎರಡನ್ನೂ ಒಂದೇ ಕಾಲಮಿನಲ್ಲಿ ಹಾಕಿರುವುದು ನನಗೆ ಸರಿಕಾಣುವುದಿಲ್ಲ. ಮಗನನ್ನು ಹೊರಗಟ್ಟಿದ ತಂದೆಗೂ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ ತಂಗಿಗೆ ಇನ್ನು ಜಾಗವಿಲ್ಲ ಎಂದು ಅಳುತ್ತ ಹೇಳಿದ ಅಕ್ಕನಿಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ರಾಜಿ ಮಾಡಿಸುವವರು ಬೇಕು, ಎರಡನೆಯದಕ್ಕೆ ದೊಡ್ಡ ಮನೆಯೇ ಬೇಕು.

ಈ ಸೇವೆಯ ಜೀವಾಳ ಎಂದರೆ ತಾತ್ಕಾಲಿಕ ವಸತಿಯ ಹಾಳೆ, ಟಿಎ1. ಕೌನ್ಸಿಲ್ಲು ಶಾಶ್ವತ ನೆಲೆ ಒದಗಿಸುವವರೆಗೆ ಕುಟುಂಬಗಳನ್ನು ಇರಿಸುವ ಜಾಗಗಳ ಲೆಕ್ಕವಿದು: ಹಾಸ್ಟೆಲ್‌ಗಳು, ಬೆಡ್ ಅಂಡ್ ಬ್ರೇಕ್‌ಫಾಸ್ಟ್ ವಸತಿಗೃಹಗಳು, ಖಾಸಗಿ ಮಾಲೀಕರಿಂದ ಗುತ್ತಿಗೆಗೆ ಪಡೆದ ಮನೆಗಳು, ರಾತ್ರಿಯೊಂದಕ್ಕೆ ಇಂತಿಷ್ಟೆಂದು ಹಣ ಕೊಡುವ ಫ್ಲ್ಯಾಟುಗಳು. ಪ್ರತಿ ತ್ರೈಮಾಸಿಕದ ಕೊನೆಯ ದಿನ ಎಷ್ಟು ಕುಟುಂಬಗಳು ಎಲ್ಲೆಲ್ಲಿದ್ದವು ಎಂಬುದನ್ನು ಇದು ತೋರಿಸುತ್ತದೆ. 2004ರಲ್ಲಿ ಒಂದು ಲಕ್ಷ ದಾಟಿದ್ದ ಈ ಸಂಖ್ಯೆ 2010ರ ಡಿಸೆಂಬರ್ 31ರಂದು 48,010ಕ್ಕೆ ಇಳಿದಿತ್ತು. ಅಲ್ಲಿಂದ ಮುಂದೆ ಏರುತ್ತ ಹೋಗಿ 2025ರ ಮಾರ್ಚ್ 31ರಂದು 1,31,140 ಕುಟುಂಬಗಳಾದವು, ಅವುಗಳಲ್ಲಿ 1,69,050 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಲಂಡನ್ ಕೌನ್ಸಿಲ್ಲುಗಳವು. ಎಲ್ಲ ಕುಟುಂಬಗಳಲ್ಲಿ ಸುಮಾರು ಮೂರರಲ್ಲೊಂದನ್ನು ತಮ್ಮ ಕೌನ್ಸಿಲ್ಲಿನ ಗಡಿಯಾಚೆ, ಬೇರೆ ಕೌನ್ಸಿಲ್ಲಿನ ಪ್ರದೇಶದಲ್ಲಿ ಇರಿಸಲಾಗಿದೆ. ಅದಕ್ಕೂ ಬೇರೆ ಕಾಲಂ ಇದೆ. ಇಪ್ಪತ್ತು ವರ್ಷಗಳ ಏರಿಳಿತವನ್ನು ಒಂದೇ ಗೆರೆಯಲ್ಲಿ ನೋಡಲು ಸಾಧ್ಯವಾಗುವಂತೆ ಈ ಒಂದು ಸರಣಿಯನ್ನಾದರೂ 2018ರ ಬದಲಾವಣೆಯಲ್ಲಿ ಉಳಿಸಿಕೊಂಡದ್ದು ದೊಡ್ಡ ಉಪಕಾರ.

ಈ ಹಾಳೆಯಲ್ಲಿ ಒಂದು ಕಾಲಂ ಬಗ್ಗೆ ವಿಶೇಷವಾಗಿ ಹೇಳಬೇಕು. ಮಕ್ಕಳಿರುವ ಕುಟುಂಬವನ್ನು ಬೆಡ್ ಅಂಡ್ ಬ್ರೇಕ್‌ಫಾಸ್ಟ್ ವಸತಿಗೃಹದಲ್ಲಿ ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಆರು ವಾರ ಮೀರದಂತೆ ಇರಿಸಬಹುದು ಎಂಬ ಆದೇಶ 2004ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆರು ವಾರ ಮೀರಿದ ಕುಟುಂಬಗಳೆಷ್ಟು ಎಂಬುದನ್ನು ಟಿಎ1 ಹಾಳೆ ಕೌನ್ಸಿಲ್ಲುವಾರು ತೋರಿಸುತ್ತದೆ. ಅಂದರೆ ಸರ್ಕಾರವು ತನ್ನದೇ ಸ್ಥಳೀಯ ಸಂಸ್ಥೆಗಳು ಕಾನೂನು ಮೀರಿದ ಲೆಕ್ಕವನ್ನು ತಾನೇ ಪ್ರಕಟಿಸುತ್ತಿದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಒಬ್ಬ ತಾಯಿ ಎಂಟನೆಯ ವಾರದಲ್ಲಿದ್ದರು. ಅವರು ಇದ್ದ ಕೋಣೆಗೆ ನಾನೇ ಹೋಗಿ ನೋಡಿದ್ದೆ. ಎರಡು ಮಂಚಗಳ ನಡುವೆ ಒಬ್ಬರು ನಡೆಯುವಷ್ಟು ಜಾಗ. ಅಡುಗೆಗೆ ಅವಕಾಶವಿಲ್ಲ, ನೀರು ಕಾಯಿಸುವ ಕೆಟಲ್ ಒಂದೇ. ಹತ್ತು ವರ್ಷದ ಮಗ ಸೂಟ್‌ಕೇಸನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಅದರ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಭಿನ್ನರಾಶಿ ಬಿಡಿಸುತ್ತಿದ್ದ. ಇದು ಅಪರೂಪದ ಪ್ರಕರಣ, ಸ್ವಲ್ಪ ಕಾಯಿರಿ ಎಂದು ಆ ಕೌನ್ಸಿಲ್ಲಿನ ಅಧಿಕಾರಿ ಫೋನಿನಲ್ಲಿ ಹೇಳಿದರು. ಹಿಂದಿನ ತ್ರೈಮಾಸಿಕದ ಹಾಳೆಯಲ್ಲಿ ಆ ಕೌನ್ಸಿಲ್ಲಿನ ಸಾಲನ್ನು ಹುಡುಕಿ, ಆರು ವಾರ ಮೀರಿದ ಕುಟುಂಬಗಳ ಸಂಖ್ಯೆ ಎರಡಂಕಿಯಲ್ಲಿರುವುದನ್ನು ನಮ್ಮ ಪತ್ರದಲ್ಲಿ ಉಲ್ಲೇಖಿಸಿ ಕಳುಹಿಸಿದೆವು. ಹನ್ನೊಂದನೆಯ ದಿನ ಅವರಿಗೆ ಅಡುಗೆಮನೆ ಇರುವ ಫ್ಲ್ಯಾಟು ಸಿಕ್ಕಿತು. ಒಂದು ಸ್ಪ್ರೆಡ್‌ಶೀಟಿನ ಚೌಕದಿಂದ ಆ ಹುಡುಗನಿಗೆ ಮೇಜು ಸಿಕ್ಕಿತೆಂದು ನಾನು ನಂಬುತ್ತೇನೆ, ಮತ್ತು ಈ ಸೇವೆಯ ಬಗ್ಗೆ ನನಗಿರುವ ಗೌರವದ ಮೂಲ ಅದೇ.

ಆದರೆ ಇದೇ ಹಾಳೆಯಲ್ಲಿ ಕಾಣದ ಒಂದು ಸಂಗತಿಯಿದೆ, ಅದು ಖರ್ಚು. ತಾತ್ಕಾಲಿಕ ವಸತಿಗಾಗಿ 2023–24ರಲ್ಲಿ ಇಂಗ್ಲೆಂಡಿನ ಕೌನ್ಸಿಲ್ಲುಗಳು ಸುಮಾರು 229 ಕೋಟಿ ಪೌಂಡ್ ಖರ್ಚು ಮಾಡಿದವು. ಈ ಅಂಕಿ ಸಿಗುವುದು ಸ್ಥಳೀಯ ಸಂಸ್ಥೆಗಳ ಆಯವ್ಯಯದ ಪ್ರತ್ಯೇಕ ಪ್ರಕಟಣೆಯಲ್ಲಿ. ಒಂದು ಕುಟುಂಬದ ಒಂದು ರಾತ್ರಿಗೆ ತಮ್ಮ ಊರು ಎಷ್ಟು ತೆರುತ್ತಿದೆ ಎಂದು ತಿಳಿಯಬಯಸುವ ನಾಗರಿಕರು ಎರಡು ಕಡತಗಳನ್ನು ತಾವೇ ಜೋಡಿಸಿಕೊಳ್ಳಬೇಕು.

ಈಗ ಬೀದಿಯಲ್ಲಿ ಮಲಗುವವರ ಲೆಕ್ಕಕ್ಕೆ ಬರೋಣ. ಇದು ವರ್ಷಕ್ಕೊಮ್ಮೆ ಬರುವ ಬೇರೆ ಪ್ರಕಟಣೆ. 2010ರಿಂದ ಈಗಿರುವ ಕ್ರಮದಲ್ಲಿ ನಡೆಯುತ್ತಿದೆ: ಅಕ್ಟೋಬರ್ 1ರಿಂದ ನವೆಂಬರ್ 30ರ ನಡುವೆ ಪ್ರತಿ ಕೌನ್ಸಿಲ್ಲು ಒಂದು ರಾತ್ರಿಯನ್ನು ಆರಿಸಿಕೊಂಡು, ಬೀದಿಗಿಳಿದು ಎಣಿಸಬಹುದು, ಅಥವಾ ಪೊಲೀಸರು, ಸೇವಾಸಂಸ್ಥೆಗಳು ಮೊದಲಾದವರನ್ನು ಸೇರಿಸಿ, ಯಾರ್‍ಯಾರು ಎಲ್ಲಿ ಮಲಗುತ್ತಿದ್ದಾರೆಂಬ ಮಾಹಿತಿಯ ಮೇಲೆ ಅಂದಾಜು ಕಟ್ಟಬಹುದು. 2010ರಲ್ಲಿ ಸಿಕ್ಕ ಸಂಖ್ಯೆ 1,768, 2017ರಲ್ಲಿ 4,751. ಕೋವಿಡ್ ಕಾಲದಲ್ಲಿ ಬೀದಿಯಲ್ಲಿದ್ದವರನ್ನೆಲ್ಲ ಹೋಟೆಲುಗಳಿಗೆ ಸೇರಿಸಿದ ಪರಿಣಾಮವಾಗಿ 2021ರಲ್ಲಿ 2,443ಕ್ಕೆ ಇಳಿಯಿತು. ಮನಸ್ಸು ಮಾಡಿದರೆ ಕೆಲವೇ ವಾರಗಳಲ್ಲಿ ಇದು ಸಾಧ್ಯ ಎಂದು ಆ ಇಳಿಕೆ ತೋರಿಸಿತು. 2024ರಲ್ಲಿ ಮತ್ತೆ 4,667.

ಒಂದು ಶರತ್ಕಾಲದ ರಾತ್ರಿ ಅಂಥ ಎಣಿಕೆಗೆ ನಾನೂ ಸ್ವಯಂಸೇವಕಿಯಾಗಿ ಹೋಗಿದ್ದೆ. ನಡುರಾತ್ರಿ ಕಳೆದ ಮೇಲೆ ನಾಲ್ಕು ಜನರ ತಂಡ, ಒಂದು ನಕ್ಷೆ, ಒಂದು ನಮೂನೆ, ಎರಡು ಟಾರ್ಚು. ನಿಯಮ ಸ್ಪಷ್ಟವಾಗಿದೆ: ಬಯಲಿನಲ್ಲಿ ಮಲಗಿರುವವರನ್ನು, ಅಥವಾ ಹಾಸಿಗೆಯ ಮೇಲೆ ಕುಳಿತು ಇಲ್ಲವೇ ಪಕ್ಕದಲ್ಲಿ ನಿಂತು ಮಲಗಲು ಸಿದ್ಧರಾಗುತ್ತಿರುವವರನ್ನು ಎಣಿಸಬೇಕು, ರಾತ್ರಿತಂಗುದಾಣದಲ್ಲಿರುವವರನ್ನು, ಖಾಲಿ ಕಟ್ಟಡದೊಳಗೆ ಸೇರಿಕೊಂಡವರನ್ನು ಎಣಿಸುವಂತಿಲ್ಲ. ಒಂದು ಅಂಗಡಿಯ ಹಿಂಬದಿಯಲ್ಲಿ, ಸರಕು ಇಳಿಸುವ ಕಟ್ಟೆಯ ಕೆಳಗೆ ರಟ್ಟು ಹಾಸಿತ್ತು. ಅದರ ಮೇಲೆ ಅಂಚಿಗೆ ಅಂಚು ಸೇರಿಸಿ ಮಡಚಿಟ್ಟ ಕಂಬಳಿ, ತಲೆಯ ಬದಿಯಲ್ಲಿ ಒಂದು ಜೊತೆ ಒಣಗಿದ ಕಾಲುಚೀಲ, ಅರ್ಧ ಓದಿ ಹಾಳೆ ಮಡಚಿದ ಪುಸ್ತಕ. ಮನುಷ್ಯರಿಲ್ಲ. ಹತ್ತು ನಿಮಿಷ ಕಾದೆವು. ತಂಡದ ಮುಖ್ಯಸ್ಥರು ನಮೂನೆಯಲ್ಲಿ ಆ ಜಾಗದ ಮುಂದೆ ಸೊನ್ನೆ ಬರೆದರು. ಅವರು ನಿಯಮ ಪಾಲಿಸಿದರು, ಅದರಲ್ಲಿ ತಪ್ಪಿಲ್ಲ. ಎರಡು ಸಲ ಎಣಿಸುವುದಕ್ಕಿಂತ ಕಂಡವರನ್ನಷ್ಟೇ ಎಣಿಸುವುದು ಲೆಕ್ಕದ ಶಿಸ್ತು. ಆದರೆ ಆ ಕಂಬಳಿಯನ್ನು ಮಡಚಿದ ಕೈಗಳು ಆ ವರ್ಷದ ರಾಷ್ಟ್ರೀಯ ಮೊತ್ತದಲ್ಲಿ ಇಲ್ಲ ಎಂಬುದು ನನಗೆ ಪ್ರತಿ ವರ್ಷ ಆ ಕಡತ ತೆರೆದಾಗ ನೆನಪಾಗುತ್ತದೆ.

ಒಂದು ರಾತ್ರಿಯ ಎಣಿಕೆಯ ಮಿತಿ ಎಷ್ಟು ದೊಡ್ಡದೆಂದು ತಿಳಿಯಲು ಲಂಡನ್ನೇ ಸಾಕು. ಅಲ್ಲಿ ಚೈನ್ ಎಂಬ ಹೆಸರಿನ ದತ್ತಸಂಗ್ರಹವೊಂದಿದೆ. ಬೀದಿಯಲ್ಲಿ ಕೆಲಸ ಮಾಡುವ ಸೇವಾತಂಡಗಳು ಮಲಗಿರುವುದನ್ನು ಕಂಡ ಪ್ರತಿಯೊಬ್ಬರನ್ನೂ ಅದರಲ್ಲಿ ದಾಖಲಿಸುತ್ತವೆ. 2024ರ ಶರತ್ಕಾಲದ ಒಂದು ರಾತ್ರಿಯ ಸರ್ಕಾರಿ ಎಣಿಕೆಯಲ್ಲಿ ಲಂಡನ್ನಿನಲ್ಲಿ 1,318 ಜನ; 2024–25ರ ಇಡೀ ವರ್ಷದಲ್ಲಿ ಚೈನ್ ದಾಖಲಿಸಿದ್ದು 13,231 ಜನರನ್ನು. ಎರಡೂ ಸರಿ, ಎರಡೂ ಬೇರೆ ಪ್ರಶ್ನೆಗಳಿಗೆ ಉತ್ತರ. ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದನ್ನು ಹೇಳದೆ ಸಣ್ಣ ಸಂಖ್ಯೆಯನ್ನೇ ಎತ್ತಿ ಹೇಳುವ ರಾಜಕಾರಣಿಗಳನ್ನು ತಡೆಯುವ ಶಕ್ತಿ ಯಾವ ಕೋಷ್ಟಕಕ್ಕೂ ಇಲ್ಲ. ಆದರೂ ಪ್ರಕಟಣೆಯ ಮೊದಲ ಪುಟದಲ್ಲೇ ಇವೆರಡನ್ನೂ ಒಟ್ಟಿಗೆ ಇಟ್ಟರೆ ತಪ್ಪು ಓದಿಗೆ ಅವಕಾಶ ಕಡಿಮೆಯಾಗುತ್ತದೆ. 2015ರಲ್ಲಿ ಆ ದೇಶದ ಸಂಖ್ಯಾಶಾಸ್ತ್ರ ಪ್ರಾಧಿಕಾರವೇ ಬೀದಿ ಎಣಿಕೆಯ ಅಂಕಿಗಳಿಗೆ ರಾಷ್ಟ್ರೀಯ ಅಂಕಿಅಂಶವೆಂಬ ಮಾನ್ಯತೆ ನೀಡಲಾಗದೆಂದು ಹೇಳಿತ್ತು. ಆಮೇಲೆ ವಿಧಾನದ ವಿವರಣೆ ಬಹಳ ಸುಧಾರಿಸಿದೆ ಎಂಬುದನ್ನೂ ಹೇಳಬೇಕು.

ಮಹಿಳೆಯರ ವಿಷಯದಲ್ಲಿ ಮಾತ್ರ ಸುಧಾರಣೆ ಸಾಲದು. 2024ರ ಎಣಿಕೆಯಲ್ಲಿ ಮಹಿಳೆಯರ ಪಾಲು ಸುಮಾರು ಶೇ. 15. ಹಲ್ಲೆಯ ಭಯದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಸುತ್ತುವವರು, ಆಸ್ಪತ್ರೆಯ ಹೊರರೋಗಿಗಳ ಕುರ್ಚಿಗಳಲ್ಲಿ ಕುಳಿತು ಬೆಳಗು ಮಾಡುವವರು, ಮಲಗದೆ ನಡೆಯುತ್ತಲೇ ಇರುವವರು ‘ಹಾಸಿಗೆಯ ಪಕ್ಕದಲ್ಲಿ ನಿಂತಿರುವವರು’ ಎಂಬ ನಿಯಮದೊಳಗೆ ಎಂದೂ ಬರುವುದಿಲ್ಲ. ಇದನ್ನು ಅರಿತ ಸೇವಾಸಂಸ್ಥೆಗಳು 2022ರಲ್ಲಿ ಲಂಡನ್ನಿನಲ್ಲಿ ಮಹಿಳೆಯರಿಗಾಗಿಯೇ ಬೇರೆ ಗಣತಿ ಆರಂಭಿಸಿದವು. ಅವರು ಬೀದಿಯಲ್ಲಿ ಟಾರ್ಚು ಹಿಡಿದು ಹುಡುಕುವ ಬದಲು ಹಗಲು ಕೇಂದ್ರಗಳಲ್ಲಿ, ಆರೋಗ್ಯ ಸೇವೆಗಳಲ್ಲಿ ಮಹಿಳೆಯರನ್ನೇ ಕೇಳಿದರು. ಸರ್ಕಾರಿ ಎಣಿಕೆಯು ಇದನ್ನು ತನ್ನೊಳಗೆ ತಂದುಕೊಳ್ಳಬೇಕು. ವಿಧಾನ ಸಿದ್ಧವಾಗಿಯೇ ಇದೆ.

ಇನ್ನು ಮನೆಗಳ ಲೆಕ್ಕ. ನನ್ನ ದೂರಿನ ಮುಖ್ಯ ಭಾಗ ಇದೇ. ಕೌನ್ಸಿಲ್ಲುಗಳ ಬಳಿ ಎಷ್ಟು ಮನೆಗಳಿವೆ, ಎಷ್ಟು ಖಾಲಿ, ಎಷ್ಟು ಜನ ಕಾಯುವ ಪಟ್ಟಿಯಲ್ಲಿದ್ದಾರೆ ಎಂಬುದು ವರ್ಷಕ್ಕೊಮ್ಮೆ ಬರುವ ಸ್ಥಳೀಯ ಪ್ರಾಧಿಕಾರಗಳ ವಸತಿ ಅಂಕಿಅಂಶದಲ್ಲಿದೆ. ಹೊಸದಾಗಿ ಕಟ್ಟಿದ ಕಡಿಮೆ ಬಾಡಿಗೆಯ ಮನೆಗಳ ಲೆಕ್ಕ ಇನ್ನೊಂದು ಪ್ರಕಟಣೆಯಲ್ಲಿ. ಯಾರಿಗೆ ಮನೆ ಹಂಚಿಕೆಯಾಯಿತು ಎಂಬುದು ಮತ್ತೊಂದರಲ್ಲಿ. ಬೀಗ ಹಾಕಿದ ಖಾಸಗಿ ಮನೆಗಳ ಲೆಕ್ಕ ಕೌನ್ಸಿಲ್ ತೆರಿಗೆಯ ಕೋಷ್ಟಕದಲ್ಲಿ. ಒಂದು ತ್ರೈಮಾಸಿಕಕ್ಕೆ ಬರುತ್ತದೆ, ಒಂದು ಹಣಕಾಸು ವರ್ಷಕ್ಕೆ, ಒಂದು ಅಕ್ಟೋಬರಿನ ಒಂದು ದಿನಕ್ಕೆ. ಮೇಲಾಗಿ ಕೌನ್ಸಿಲ್ಲುಗಳು ವಿಲೀನವಾಗುತ್ತಿರುತ್ತವೆ: 2023ರ ಏಪ್ರಿಲ್ 1ರಂದು ಸಾಮರ್ಸೆಟ್, ನಾರ್ತ್ ಯಾರ್ಕ್‌ಷೈರ್, ಕಂಬ್ರಿಯಾ ಪ್ರದೇಶಗಳ ಹಳೆಯ ಜಿಲ್ಲಾ ಕೌನ್ಸಿಲ್ಲುಗಳು ಹೋಗಿ ಹೊಸವು ಬಂದವು, ಸಂಕೇತಸಂಖ್ಯೆಗಳೂ ಬದಲಾದವು. ಹತ್ತು ವರ್ಷಗಳ ಚಿತ್ರ ಬೇಕೆಂದರೆ ಹಳೆಯ ಸಾಲುಗಳನ್ನು ಕೂಡಿ ಹೊಸ ಸಾಲು ಮಾಡಿಕೊಳ್ಳುವ ಕೆಲಸ ಓದುಗರ ತಲೆಗೇ ಬೀಳುತ್ತದೆ. ನಾನು ಒಂದು ಊರಿನ ಪೂರ್ಣ ಚಿತ್ರ ಜೋಡಿಸಲು ಎರಡು ಶನಿವಾರ ಕಳೆದಿದ್ದೇನೆ. ಸಲಹೆ ಕೇಳಿಕೊಂಡು ಬರುವವರ ಬಳಿ ಅಷ್ಟು ಶನಿವಾರಗಳಿರುವುದಿಲ್ಲ.

ಕಾಯುವ ಪಟ್ಟಿಯ ಸಂಖ್ಯೆಯನ್ನು ಓದುವಾಗ ಇನ್ನಷ್ಟು ಎಚ್ಚರ ಬೇಕು. 2012ರಲ್ಲಿ ಸುಮಾರು 18.5 ಲಕ್ಷ ಕುಟುಂಬಗಳು ಪಟ್ಟಿಯಲ್ಲಿದ್ದವು, 2018ರಲ್ಲಿ ಸುಮಾರು 11.1 ಲಕ್ಷ. ಆರು ವರ್ಷಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ ಸಿಕ್ಕಿತೆಂದು ಭಾವಿಸಿದರೆ ಅದು ಪೂರ್ತಿ ತಪ್ಪು. 2011ರ ಸ್ಥಳೀಯತಾ ಕಾಯಿದೆಯು ಪಟ್ಟಿಗೆ ಯಾರು ಸೇರಬಹುದೆಂಬುದನ್ನು ಕೌನ್ಸಿಲ್ಲುಗಳೇ ನಿರ್ಧರಿಸಲು ಬಿಟ್ಟಿತು. ಇಷ್ಟು ವರ್ಷ ಇದೇ ಊರಿನಲ್ಲಿ ವಾಸವಿರಬೇಕು, ಆದಾಯ ಇಷ್ಟರೊಳಗಿರಬೇಕು ಎಂಬ ಷರತ್ತುಗಳು ಬಂದವು, ಹೆಸರುಗಳು ಉದುರಿದವು. 2024ರ ಹೊತ್ತಿಗೆ ಆ ಬಿಗಿ ಷರತ್ತುಗಳ ನಡುವೆಯೂ ಸಂಖ್ಯೆ ಮತ್ತೆ 13.3 ಲಕ್ಷಕ್ಕೆ ಏರಿದೆ. ಇಂಥ ಕಡೆ ಕೋಷ್ಟಕದ ತಲೆಯ ಮೇಲೆಯೇ ದಪ್ಪಕ್ಷರದಲ್ಲಿ ಒಂದು ಸಾಲು ಬರೆದು, ಇಲ್ಲಿಂದ ನಿಯಮ ಬದಲಾಗಿದೆ ಎಂದು ಅಡ್ಡಗೆರೆ ಎಳೆಯಬೇಕು. ಅಡಿಟಿಪ್ಪಣಿಯಲ್ಲಿ ಹೇಳಿದರೆ ಸಾಲದು. ನಕಲು ಮಾಡಿಕೊಳ್ಳುವವರು ಅಡಿಟಿಪ್ಪಣಿಯನ್ನು ನಕಲು ಮಾಡುವುದಿಲ್ಲ.

ಪೂರೈಕೆಯ ಕಡೆ ನೋಡಿದರೆ ಕಥೆ ಚಿಕ್ಕದು, ಕಠಿಣ. 1980ರ ವಸತಿ ಕಾಯಿದೆ ಕೌನ್ಸಿಲ್ ಬಾಡಿಗೆದಾರರಿಗೆ ತಾವಿರುವ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಅಂದಿನಿಂದ ಸುಮಾರು 20 ಲಕ್ಷ ಮನೆಗಳು ಹೀಗೆ ಮಾರಾಟವಾಗಿವೆ. ಎಲ್ಲಕ್ಕಿಂತ ಕಡಿಮೆ ಬಾಡಿಗೆಯ ಸಾಮಾಜಿಕ ವಸತಿ ವರ್ಗದಲ್ಲಿ 2010–11ರಲ್ಲಿ ಸುಮಾರು 39,000 ಹೊಸ ಮನೆಗಳು ಸೇರಿದ್ದರೆ, 2023–24ರಲ್ಲಿ ಸೇರಿದ್ದು ಸುಮಾರು 10,000. 2024ರಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲದಿಂದ ಖಾಲಿಯಿದ್ದ ಮನೆಗಳು ಸುಮಾರು 2.65 ಲಕ್ಷ. ಖಾಸಗಿ ಬಾಡಿಗೆಗೆ ನೆರವಾಗುವ ವಸತಿ ಭತ್ಯೆಯ ದರವನ್ನು 2016ರಿಂದ 2020ರವರೆಗೆ, ಮತ್ತೆ 2020ರ ಏರಿಕೆಯ ಬಳಿಕ 2024ರವರೆಗೆ ಏರಿಸದೆ ಹಿಡಿದಿಡಲಾಗಿತ್ತು. ಬಾಡಿಗೆ ಹಾಗೆ ನಿಲ್ಲಲಿಲ್ಲ. ಈ ನಾಲ್ಕು ಸಂಗತಿಗಳನ್ನು ಟಿಎ1 ಹಾಳೆಯ ಪಕ್ಕದಲ್ಲಿಟ್ಟರೆ 48,010 ಹೇಗೆ 1,31,140 ಆಯಿತೆಂದು ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಸಚಿವಾಲಯವೇ ಪಕ್ಕದಲ್ಲಿಡುವುದಿಲ್ಲ ಎಂಬುದೇ ನನ್ನ ದೂರು.

ಹಾಗೆ ಇಡುವುದು ಅಸಾಧ್ಯವೇನಲ್ಲ. ಅಮೆರಿಕದ ವಸತಿ ಇಲಾಖೆ ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿ ವಸತಿರಹಿತರನ್ನು ಎಣಿಸುವಾಗಲೇ, ಪ್ರತಿ ಪ್ರದೇಶದಲ್ಲಿ ಎಷ್ಟು ಹಾಸಿಗೆಗಳು, ಎಷ್ಟು ಆಸರೆಮನೆಗಳು ಲಭ್ಯವಿವೆ ಎಂಬ ದಾಸ್ತಾನು ಪಟ್ಟಿಯನ್ನೂ ಸಿದ್ಧಪಡಿಸುತ್ತದೆ. 2024ರಲ್ಲಿ ಅಲ್ಲಿ ಎಣಿಕೆಗೆ ಸಿಕ್ಕವರು 7,71,480. ಆ ಎಣಿಕೆಗೂ ಒಂದು ರಾತ್ರಿಯ ಎಲ್ಲ ದೋಷಗಳಿವೆ, ಆದರೆ ಜನರ ಲೆಕ್ಕವೂ ಹಾಸಿಗೆಗಳ ಲೆಕ್ಕವೂ ಒಂದೇ ಕಾಲದವು, ಒಂದೇ ಗಡಿಯೊಳಗಿನವು. ಫಿನ್‌ಲೆಂಡ್ ಇನ್ನೊಂದು ಪಾಠ ಹೇಳುತ್ತದೆ: ಅಲ್ಲಿನ ವಾರ್ಷಿಕ ಲೆಕ್ಕದಲ್ಲಿ ನೆಂಟರ, ಗೆಳೆಯರ ಮನೆಯಲ್ಲಿ ತಾತ್ಕಾಲಿಕವಾಗಿ ಉಳಿದುಕೊಂಡವರನ್ನೂ ವಸತಿರಹಿತರೆಂದೇ ಎಣಿಸುತ್ತಾರೆ, ಹಾಗೆ ಎಣಿಸಿಯೂ 2024ರಲ್ಲಿ ಸಿಕ್ಕ ಒಂಟಿ ವಸತಿರಹಿತರ ಸಂಖ್ಯೆ 3,806. ನಮ್ಮ ಭಾರತದ ಜನಗಣತಿಯ ವ್ಯಾಖ್ಯೆ ಬಹಳ ನೇರವಾದದ್ದು. ರಸ್ತೆಬದಿ, ಕಾಲುದಾರಿ, ಹ್ಯೂಮ್ ಪೈಪು, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲ್ಯಾಟ್‌ಫಾರಂ ಎಂದು ಜಾಗಗಳನ್ನೇ ಹೆಸರಿಸುತ್ತದೆ. 2011ರ ಫೆಬ್ರುವರಿ 28ರ ರಾತ್ರಿ ಆ ಜಾಗಗಳಲ್ಲಿ ಎಣಿಸಿದ್ದು 17.73 ಲಕ್ಷ ಜನರನ್ನು. ಅದಾದ ಮೇಲೆ ಇಂದಿನವರೆಗೂ ಅಂಥ ಇನ್ನೊಂದು ಎಣಿಕೆ ನಡೆದಿಲ್ಲ. ಇಂಗ್ಲೆಂಡಿನ ಸೇವೆಯಲ್ಲಿ ನಾನು ಎಷ್ಟೇ ಕೊರತೆ ಹುಡುಕಿದರೂ, ಸುಮಾರು ನಾಲ್ಕು ತಿಂಗಳ ಹಿಂದಿನ ಸ್ಥಿತಿ ಪ್ರತಿ ಊರಿನ ಮಟ್ಟದಲ್ಲಿ ಕೈಗೆ ಸಿಗುವುದು ಎಂಥ ಸೌಲಭ್ಯ ಎಂಬುದು ಈ ಅಂತರವನ್ನು ನೋಡಿದಾಗ ತಿಳಿಯುತ್ತದೆ.

ಬಳಸಲು ಹೊರಟವರಿಗೆ ಒಂದೆರಡು ಮಾತು. ಒಂದು ತ್ರೈಮಾಸಿಕದ ಏರಿಳಿತವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಹೋಲಿಸಿ. ಹಳೆಯ ಅಂಕಿಗಳನ್ನು ಆಮೇಲೆ ಪರಿಷ್ಕರಿಸುತ್ತಾರೆ, ಆದ್ದರಿಂದ ಎರಡು ವರ್ಷದ ಹಿಂದೆ ಇಳಿಸಿಕೊಂಡ ಕಡತವನ್ನು ನಂಬದೆ ಹೊಸದನ್ನು ಇಳಿಸಿಕೊಳ್ಳಿ. ಊರುಗಳ ಗಾತ್ರ ಬೇರೆಬೇರೆ, ಹಾಗಾಗಿ ಸಾವಿರ ಕುಟುಂಬಗಳಿಗೆ ಎಷ್ಟು ಎಂಬ ಕಾಲಮನ್ನು ಓದಿ.

ಕೊನೆಯದಾಗಿ, ಈ ಕಡತದಲ್ಲಿ ನನಗೆ ಇಂದಿಗೂ ಒಪ್ಪಿಕೊಳ್ಳಲಾಗದ ಒಂದು ಕಾಲಂ ಇದೆ. ಕೌನ್ಸಿಲ್ಲಿನ ಕರ್ತವ್ಯ ಯಾವ ಕಾರಣದಿಂದ ಮುಗಿಯಿತು ಎಂದು ಹೇಳುವ ಹಾಳೆಯಲ್ಲಿ ‘ನೆಲೆ ಸಿಕ್ಕಿತು’, ‘56 ದಿನಗಳು ಕಳೆದವು’, ‘ಸಂಪರ್ಕ ತಪ್ಪಿತು’ ಎಂಬವುಗಳ ಸಾಲಿನಲ್ಲಿ ‘ಅರ್ಜಿ ಹಿಂಪಡೆದರು ಅಥವಾ ಅರ್ಜಿದಾರರು ಮೃತರಾದರು’ ಎಂಬ ಒಂದೇ ಶೀರ್ಷಿಕೆ ಇದೆ. ಎರಡಕ್ಕೂ ಒಂದೇ ಸಂಖ್ಯೆ. ವಸತಿರಹಿತರ ಸಾವುಗಳ ಅಂದಾಜನ್ನು ರಾಷ್ಟ್ರೀಯ ಅಂಕಿಅಂಶ ಕಚೇರಿ ಕೆಲವು ವರ್ಷ ಪ್ರಕಟಿಸಿತು; ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಅಂಥವು 741 ಎಂದು ಅಂದಾಜಿಸಿ, ಆಮೇಲೆ ಆ ಸರಣಿಯನ್ನೇ ನಿಲ್ಲಿಸಿತು. ಪುರುಷರ ಸರಾಸರಿ ವಯಸ್ಸು ಸುಮಾರು 45, ಮಹಿಳೆಯರದು ಸುಮಾರು 43. ಪ್ರಕರಣವಾರು ವಿವರ ಕೌನ್ಸಿಲ್ಲುಗಳಿಂದ ಈಗಾಗಲೇ ಬರುತ್ತಿರುವಾಗ ಒಂದು ಕಾಲಮನ್ನು ಎರಡಾಗಿ ಒಡೆಯಲು ಹೊಸ ಕಾನೂನು ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. ಈ ಬಗ್ಗೆ ಸಚಿವಾಲಯದ ಅಂಕಿಅಂಶ ವಿಭಾಗಕ್ಕೆ ಬರೆದಿದ್ದೇನೆ. ಮುಂದಿನ ತ್ರೈಮಾಸಿಕದ ಕಡತ ಬಂದಾಗ ನಾನು ಮೊದಲು ತೆರೆಯುವುದು ಆ ಹಾಳೆಯನ್ನು.